ಸಿಡುಕಿಯ ಬಣ್ಣ

ಜನವರಿ 9

ಪ್ರೀತಿಯ ಚುಕ್ಕಿ,

ಫೋನು ಮಾಡಿದರೆ ನೀನೂ ಅಳುತ್ತೀಯ, ನಾನೂ ಅಳುತ್ತೇನೆ, ಹೇಳಬೇಕಾದ ಮಾತು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಈ ಕಾಗದ. ಇದನ್ನಾದರೆ ಅತ್ತು ಮುಗಿಸಿ, ಮುಖ ತೊಳೆದುಕೊಂಡು ಬರೆಯಬಹುದು.

ನಾನು ಚೆನ್ನಾಗಿದ್ದೇನೆ. ಹೊಲಿಗೆ ಅಂಗಡಿಯಲ್ಲಿ ಕೈತುಂಬ ಕೆಲಸ. ಜನ ದಪ್ಪಗಾಗುತ್ತಲೇ ಇದ್ದಾರೆ, ನಾನು ಅವರ ಪ್ಯಾಂಟುಗಳ ಸೊಂಟ ಬಿಚ್ಚಿ ಅಗಲ ಮಾಡುತ್ತಲೇ ಇದ್ದೇನೆ. ನಿನ್ನಣ್ಣ ಕೆಲಸಕ್ಕೆ ಹಾಕಿಕೊಂಡು ಹೋಗುತ್ತಿದ್ದ ಹಳದಿ ಹೆಲ್ಮೆಟ್ಟು ಮನೆಯ ಹೊಲಿಗೆ ಯಂತ್ರದ ಎದುರಿನ ಮೊಳೆಯಲ್ಲೇ ಇದೆ. ಸಂಜೆ ಬಂದು ಹೊಲಿಯುತ್ತ ಅದರ ಜೊತೆ ಮಾತಾಡುತ್ತೇನೆ. ಇದ್ದಾಗಲೂ ಅವರು ಬಾಯಿಬಿಟ್ಟು ಉತ್ತರ ಕೊಟ್ಟದ್ದು ಕಡಿಮೆ, ಹಾಗಾಗಿ ಅಂಥ ವ್ಯತ್ಯಾಸವೇನೂ ಗೊತ್ತಾಗುವುದಿಲ್ಲ.

ಈಗ ಕಾಗದ ಬರೆದ ಕಾರಣ. ನಿನ್ನ ಸಿಡುಕಿ ಹೇಗಿದ್ದಾಳೆ? ಈ ಚಳಿಗೆ ಬಣ್ಣ ಬಂದಿರಬೇಕಲ್ಲ. ಲಿಫ್ಟು ರಿಪೇರಿಗೆ ಹೋದ ಕಟ್ಟಡದ ತಾರಸಿಯಲ್ಲೆಲ್ಲ ಕುಂಡ ಇಟ್ಟು, ಸಣ್ಣ ಬ್ರಷ್ ಹಿಡಿದು, ದಪ್ಪ ಎಲೆಯ ಒಂದು ಸಕ್ಯುಲೆಂಟಿನ ಹೂವಿನ ಪುಡಿಯನ್ನು ಇನ್ನೊಂದರ ಹೂವಿಗೆ ಸವರುತ್ತ ಎಷ್ಟು ಭಾನುವಾರ ಕಳೆದರು ಅವರು. ಅಷ್ಟೆಲ್ಲ ಮಾಡಿ ಮೆಚ್ಚಿ ಉಳಿಸಿಕೊಂಡದ್ದು ಇದೊಂದೇ ಗಿಡ. ಅದಕ್ಕೆ ‘ಸಿಡುಕಿ’ ಎಂದು ಹೆಸರಿಟ್ಟು ನನ್ನ ಮುಖ ನೋಡಿ ನಕ್ಕದ್ದನ್ನು ನಾನಿನ್ನೂ ಮರೆತಿಲ್ಲ.

ನನ್ನ ಹತ್ತಿರ ಇರುವುದು ಸ್ವಲ್ಪ ಮಂಕಾಗಿದೆ. ನಿನಗೆ ಕೊಟ್ಟ ಮರಿಯಿಂದ ಒಂದು ಎಲೆ ಕಳಿಸುತ್ತೀಯಾ? ಎಲೆಯಿಂದಲೇ ಹೊಸ ಗಿಡ ಬರುತ್ತದೆ ಎಂದು ಅವರು ಹೇಳುತ್ತಿದ್ದರು. ಫೋಟೋ ಬೇಡ, ನನ್ನ ಫೋನಿನಲ್ಲಿ ಎಲ್ಲವೂ ಒಂದೇ ಬಣ್ಣ.

ನಿನ್ನ ಅತ್ತಿಗೆ


ಜನವರಿ 20

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ಓದಿ ನಗು ಬಂತು. ನೀವು ಹೇಳಿದ ಹಾಗೆ ಆಮೇಲೆ ಮುಖ ತೊಳೆದುಕೊಂಡೆ.

ಸಿಡುಕಿ ಚೆನ್ನಾಗಿದ್ದಾಳೆ. ನಡುವೆ ಬೂದಿ ಬೆರೆತ ನೀಲಿ, ಅಂಚಿಗೆ ಗುಲಾಬಿ, ತುದಿಯಲ್ಲಿ ದಾಳಿಂಬೆ ಕೆಂಪು. ನಮ್ಮ ಪೇಂಟ್ ಅಂಗಡಿಯ ಶೇಡ್ ಕಾರ್ಡಿನ ಪಕ್ಕ ಹಿಡಿದು ನೋಡಿದ್ದೇನೆ. ದಿನಾ ಒಬ್ಬರಲ್ಲ ಒಬ್ಬರು ಗೋಡೆಯ ಚೂರು ತಂದು ‘ಇದೇ ಬಣ್ಣ ಬೇಕು’ ಎನ್ನುತ್ತಾರೆ, ನಾನು ಕಲಸಿ ಕೊಡುತ್ತೇನೆ, ಇಲ್ಲಿಯವರೆಗೂ ಒಂದು ಡಬ್ಬವೂ ವಾಪಸ್ ಬಂದಿಲ್ಲ. ಆದ್ದರಿಂದ ಬಣ್ಣದ ವಿಷಯದಲ್ಲಿ ನೀವು ನನ್ನ ಮಾತು ನಂಬಬಹುದು.

ಬೆಂಕಿಪೊಟ್ಟಣದಲ್ಲಿ ಹತ್ತಿಯ ನಡುವೆ ಎಲೆ ಇಟ್ಟಿದ್ದೇನೆ. ಒಣ ಮಣ್ಣಿನ ಮೇಲೆ ಸುಮ್ಮನೆ ಮಲಗಿಸಿ. ಬೇರು ಕಾಣುವವರೆಗೆ ನೀರಿನ ಮಾತೇ ಬೇಡ.

ಇಷ್ಟಕ್ಕೂ ತಾಯಿಗಿಡವೇ ನಿಮ್ಮ ಹತ್ತಿರ ಇರುವಾಗ ನನ್ನ ಎಲೆ ಯಾಕೆ ಎಂದು ಯೋಚಿಸಿದೆ. ನಾನು ಹೇಗೆ ನೋಡಿಕೊಂಡಿದ್ದೇನೆ ಎಂದು ಪರೀಕ್ಷೆ ಮಾಡುತ್ತಿದ್ದೀರಾ? ತಮಾಷೆಗೆ ಕೇಳಿದೆ.

ನಿಮ್ಮ ಚುಕ್ಕಿ


ಜನವರಿ 21

ಅತ್ತಿಗೆ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿನ್ನೆ ಬರೆದದ್ದು ಸುಳ್ಳು. ಎಲೆಯೂ ಸುಳ್ಳು.

ಸಿಡುಕಿಗೆ ಬಣ್ಣವೇ ಇಲ್ಲ. ಹಸಿರಾಗಿದ್ದಾಳೆ. ಗುಲಾಬಿಯ ಹಾಗೆ ಬಿಗಿಯಾಗಿ ಕೂತಿದ್ದ ಎಲೆಗಳು ಬಿಟ್ಟುಕೊಂಡು, ಕಾಂಡ ಹುರುಳಿಯ ಮೊಳಕೆಯಂತೆ ಉದ್ದಕ್ಕೆ ಎದ್ದು ಒಂದು ಕಡೆ ವಾಲಿದೆ. ನಾನು ಕಡಿಮೆ ಮಾಡಿದ್ದೇನೂ ಇಲ್ಲ. ಬಿಸಿಲಿಗೆ ಸುಟ್ಟೀತು ಎಂದು ಪರದೆ ಎಳೆದೆ, ದಿನಾ ಬೆಳಿಗ್ಗೆ ಚಮಚದಲ್ಲಿ ನೀರು ಕೊಟ್ಟೆ. ಮರಿಯನ್ನು ನನ್ನ ಕೈಗೆ ಕೊಡುವಾಗ ಅಣ್ಣ, ‘ನಿನ್ ಕಣ್ಣಿಗೆ ಬಣ್ಣ ಗೊತ್ತು, ನಿನ್ ಹತ್ರ ಇದು ಕೆಡಲ್ಲ ಬಿಡು’ ಅಂದಿದ್ದ. ಅವನು ಹೋದ ಮೇಲೆ ಇನ್ನೂ ಜಾಸ್ತಿ ನೋಡಿಕೊಂಡೆ, ಇನ್ನೂ ಹಸಿರಾಯಿತು.

ನಿಮ್ಮ ಕಾಗದ ಬಂದಾಗ ಇದನ್ನು ಹೇಳಲು ಬಾಯಿ ಬರಲಿಲ್ಲ. ನೇರ ನರ್ಸರಿಗೆ ಹೋದೆ. ಅಣ್ಣ ಕೊಟ್ಟ ದಿನ ಇದ್ದ ಬಣ್ಣವನ್ನು ನೆನಪಿನಲ್ಲಿಟ್ಟುಕೊಂಡು, ಶೇಡ್ ಕಾರ್ಡು ಹಿಡಿದು, ಸಾಲು ಸಾಲು ಕುಂಡ ನೋಡಿದೆ. ಒಂದು ಸರಿಯಾಗಿ ಹೊಂದಿತು. ಅದನ್ನು ಕೊಂಡು ತಂದು, ಎಲೆ ತಿರುಚಿ ನಿಮಗೆ ಕಳಿಸಿದೆ. ನನ್ನ ಹಸಿರು ಗಿಡವನ್ನು ಅಂಗಡಿಯ ತಾರಸಿಗೆ ಒಯ್ದು ಖಾಲಿ ಡಬ್ಬಗಳ ಹಿಂದೆ ಇಟ್ಟು ಬಂದೆ. ಬಿಸಾಡಲು ಕೈ ಬರಲಿಲ್ಲ, ದಿನಾ ನೋಡಲೂ ಆಗಲಿಲ್ಲ.

ತಾಯಿಗಿಡ ನಿಮ್ಮ ಬಳಿ ಇದ್ದೇ ಇದೆ. ಒಂದು ಎಲೆ ಸುಳ್ಳಾದರೆ ಯಾರಿಗೇನು ನಷ್ಟ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.


ಮಾರ್ಚ್ 15

ಪ್ರೀತಿಯ ಚುಕ್ಕಿ,

ಬೇರು ಬಂತು. ಎಲೆಯ ಬುಡದಲ್ಲಿ ಗುಲಾಬಿ ದಾರದಂಥ ಬೇರು, ಅದರ ಪಕ್ಕ ಸಾಸಿವೆಯಷ್ಟು ಒಂದು ಗಿಡ. ಕನ್ನಡಕ ಹಾಕಿಕೊಂಡು, ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಹೆಲ್ಮೆಟ್ಟಿಗೂ ತೋರಿಸಿದೆ.

ಈಗ ನಿನಗೊಂದು ಹೇಳಬೇಕು, ಬೈಯಬೇಡ. ತಾಯಿಗಿಡ ಮಂಕಾಗಿರಲಿಲ್ಲ, ಸತ್ತೇ ಹೋಗಿತ್ತು. ಹೋದ ಮಳೆಗಾಲ ಮುಗಿಯುವಷ್ಟರಲ್ಲೇ. ಕೊಂದವಳು ನಾನೇ. ಅವರಿದ್ದಾಗ ‘ಗಿಡಕ್ಕೆ ಒಂದು ಲೋಟ ನೀರು ಹಾಕಕ್ಕೂ ಕೈ ಬರಲ್ವಾ ನಿಮಗೆ’ ಎಂದು ಎಷ್ಟು ಸಲ ಬೈದಿದ್ದೆ. ಅವರು ಸುಮ್ಮನೆ ನಗುತ್ತಿದ್ದರು. ಅವರು ಹೋದ ಮೇಲೆ, ಇನ್ನಾದರೂ ಇದು ಬಾಯಾರಿ ಇರಬಾರದು ಎಂದು ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಹಾಕಿದೆ. ಒಂದು ದಿನ ಮುಟ್ಟಿದರೆ ತಲೆ ಕೈಗೇ ಬಂತು, ಬುಡ ಕಪ್ಪಗೆ ಕೊಳೆತು ಲೋಳೆಯಾಗಿತ್ತು. ಅದನ್ನು ನಿನಗೆ ಹೇಳಲು ನಾಚಿಕೆಯಾಯಿತು. ನಿನ್ನಣ್ಣ ನನ್ನ ಪಾಲಿಗೆ ಬಿಟ್ಟುಹೋದದ್ದನ್ನು ನಾನೇ ಮುಳುಗಿಸಿದೆ ಎಂದು ಹೇಗೆ ಹೇಳಲಿ?

ಬೀಜ ಹಾಕಿದರೂ ಅದೇ ಗಿಡ ಬರುವುದಿಲ್ಲವಂತೆ, ಹೈಬ್ರಿಡ್ ಅಲ್ಲವಾ. ಅವರು ಮಾಡಿದ್ದರಲ್ಲಿ ಜೀವಂತ ಉಳಿದಿರುವುದು ಈಗ ನಿನ್ನ ಕಿಟಕಿಯಲ್ಲಿರುವುದು ಮತ್ತು ಈ ಸಾಸಿವೆ, ಅಷ್ಟೇ. ನಿನ್ನ ಎಲೆ ಬಾರದಿದ್ದರೆ ನಾನು ಏನು ಮಾಡುತ್ತಿದ್ದೆನೋ. ಈಗ ಮನಸ್ಸು ಹಗುರಾಗಿದೆ.

ನಿನ್ನ ಅತ್ತಿಗೆ


ಏಪ್ರಿಲ್ 6

ಪ್ರೀತಿಯ ಅತ್ತಿಗೆ,

ತಡವಾಯಿತು, ಕೆಲಸ ಜಾಸ್ತಿ. ಎಲ್ಲರಿಗೂ ಈಗಲೇ ಮನೆಗೆ ಬಣ್ಣ ಹೊಡೆಸಬೇಕು.

ತಾಯಿಗಿಡದ ವಿಷಯ ನನಗೆ ಗೊತ್ತಿರಲಿಲ್ಲ. ಅದಕ್ಕಾಗಿ ನೀವು ನಿಮ್ಮನ್ನು ಬೈದುಕೊಳ್ಳಬೇಡಿ. ನೀರು ಹಾಕಿದ್ದು ಅಪರಾಧವೇನಲ್ಲ.

ಮರಿಯ ಮೇಲೆ ಅಷ್ಟೊಂದು ಆಸೆ ಇಟ್ಟುಕೊಳ್ಳಬೇಡಿ. ಎಲೆಯಿಂದ ಬಂದದ್ದು ಉಳಿದರೆ ಉಳಿಯಿತು, ಇಲ್ಲವಾದರೆ ಇಲ್ಲ. ಹಾಗೆ ನೋಡಿದರೆ ಗಿಡ ಗಿಡವೇ ತಾನೇ. ಅಣ್ಣ ಅದರಲ್ಲೇ ಇದ್ದಾನೆ ಎಂದುಕೊಳ್ಳಬೇಕಾಗಿಲ್ಲ.

ನಿಮ್ಮ ಚುಕ್ಕಿ


ಜುಲೈ 18

ಚುಕ್ಕಿ,

ಏನೇ, ಮಾತೇ ಇಲ್ಲ? ನಿನ್ನ ಕೊನೆಯ ಕಾಗದ ಓದಿ ಸ್ವಲ್ಪ ಸಿಟ್ಟು ಬಂದಿತ್ತು. ಆಮೇಲೆ, ಪಾಪ, ಇವಳಿಗೂ ಅಣ್ಣನನ್ನು ನೆನೆಯುವುದು ಕಷ್ಟವಾಗಿರಬೇಕು, ಅದಕ್ಕೇ ಒರಟಾಗಿ ಬರೆದಿದ್ದಾಳೆ ಎಂದುಕೊಂಡು ಸುಮ್ಮನಾದೆ.

ಸಾಸಿವೆ ಈಗ ಕೋಟಿನ ದೊಡ್ಡ ಗುಂಡಿಯಷ್ಟಾಗಿದೆ. ತಾರಸಿಯಲ್ಲಿ ಗಿಡ ಬೆಳೆಸುವವರೆಲ್ಲ ಸೇರಿ ಮುಂದಿನ ತಿಂಗಳು ಶಾಲೆಯ ಹಾಲ್‌ನಲ್ಲಿ ಪ್ರದರ್ಶನ ಇಡುತ್ತಾರಂತೆ. ಕೋಟಿನ ಜೇಬು ಹೊಲಿಸಿಕೊಳ್ಳಲು ಬಂದವರೊಬ್ಬರು ಹೇಳಿದರು. ನಾನೂ ಒಂದು ಮೇಜು ಕೇಳಿದ್ದೇನೆ. ಒಂದೇ ಕುಂಡಕ್ಕೆ ಒಂದು ಮೇಜಾ ಎಂದು ನಕ್ಕರು, ಕೊಟ್ಟರು. ಬಟ್ಟೆಯ ಮೇಲೆ ಅಕ್ಷರ ಕಸೂತಿ ಮಾಡಿದ್ದೇನೆ: ‘ಸಿಡುಕಿ. ಒಬ್ಬ ಲಿಫ್ಟ್ ಮೆಕ್ಯಾನಿಕ್ ತಾರಸಿಯಲ್ಲಿ ಮಾಡಿದ ಹೊಸ ಗಿಡ.’ ಜೀವಮಾನವಿಡೀ ಬೇರೆಯವರನ್ನು ಮೇಲೆ ಕೆಳಗೆ ಕಳಿಸಿದ ಮನುಷ್ಯ, ಅವರ ಹೆಸರನ್ನು ಒಬ್ಬರೂ ಕೇಳಲಿಲ್ಲ. ಒಂದು ದಿನವಾದರೂ ನಾಲ್ಕು ಜನ ನಿಂತು ನೋಡಲಿ.

ನೀನು ಬಂದರೆ ನನ್ನ ಪಕ್ಕ ಕೂರಬಹುದು.

ಅತ್ತಿಗೆ


ಜುಲೈ 29

ಪ್ರೀತಿಯ ಅತ್ತಿಗೆ,

ಈ ಸಲ ಪ್ರದರ್ಶನ ಬೇಡ ಎಂದು ನನಗನ್ನಿಸುತ್ತದೆ. ಗಿಡ ಇನ್ನೂ ಚಿಕ್ಕದು. ಜನರ ಕೈ ತಾಗಿ ಕೆಟ್ಟರೆ ಮತ್ತೆ ನಿಮಗೇ ಬೇಸರ. ಮುಂದಿನ ವರ್ಷ ನೋಡೋಣ. ದಯವಿಟ್ಟು ನನ್ನ ಮಾತು ಕೇಳಿ.

ನನಗೆ ರಜೆ ಸಿಗುವುದಿಲ್ಲ.

ಚುಕ್ಕಿ


ಆಗಸ್ಟ್ 21

ಚುಕ್ಕಿ,

ನಿನ್ನ ಮಾತು ಕೇಳಬೇಕಿತ್ತು. ನನ್ನ ಹತ್ತಿರವೂ ಒಂದಿದೆ ಎಂದು ಎಲ್ಲರಿಗೂ ತೋರಿಸುವುದು ನಿನಗೆ ಇಷ್ಟವಿಲ್ಲವೇನೋ ಎಂದು ಕೆಟ್ಟದಾಗಿ ಯೋಚಿಸಿದೆ. ನಿನಗೆ ಮೊದಲೇ ಗೊತ್ತಿತ್ತು ಅಂತ ಈಗ ಅರ್ಥವಾಯಿತು. ಅಣ್ಣನ ಗುಟ್ಟು ಕಾಪಾಡುತ್ತಿದ್ದೆ, ಅಲ್ಲವಾ?

ಮಧ್ಯಾಹ್ನದವರೆಗೆ ಚೆನ್ನಾಗಿತ್ತು. ಜನ ನಿಂತು ಓದಿದರು. ಆಮೇಲೆ ಎದುರಿನ ಮೇಜಿನ ನರ್ಸರಿಯಾಕೆ ಬಂದರು. ಕುಂಡ ತಿರುಗಿಸಿ ನೋಡಿ, ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ, ‘ಅಮ್ಮಾ, ಇದು ಹೊಸದಲ್ಲ. ನಮ್ಮಲ್ಲಿ ಟ್ರೇಗಟ್ಟಲೆ ಬರುತ್ತೆ’ ಅಂದರು. ‘ಇಲ್ಲಮ್ಮ, ನಮ್ಮ ಮನೆಯವರೇ ಮಾಡಿದ್ದು’ ಅಂದೆ. ಆಕೆ ವಾದ ಮಾಡಲಿಲ್ಲ. ತಮ್ಮ ಮೇಜಿನಿಂದ ಒಂದು ತಂದು ಪಕ್ಕದಲ್ಲಿಟ್ಟರು. ಎರಡೂ ಒಂದೇ. ನಾನು ಹೊಲಿಗೆಯವಳು, ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆ ನನಗೆ ಗೊತ್ತಾಗುತ್ತದೆ. ಕಸೂತಿ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ.

ನಿನ್ನಣ್ಣ ನರ್ಸರಿಯಿಂದ ತಂದು, ತಾನೇ ಮಾಡಿದ್ದು ಅಂದರಲ್ಲ. ನನ್ನ ಮುಂದೆ ದೊಡ್ಡವರಾಗಬೇಕು ಅನ್ನಿಸಿತ್ತೇನೋ ಪಾಪ. ನಾನಾದರೂ ಯಾವತ್ತು ಒಂದು ಒಳ್ಳೆಯ ಮಾತು ಆಡಿದ್ದೆ? ಹಾಗೆ ನೋಡಿದರೆ ತಪ್ಪು ನನ್ನದೇ ಇರಬಹುದು. ಆದರೆ ಅಷ್ಟು ಭಾನುವಾರ ಆ ಬ್ರಷ್ ಹಿಡಿದು ಅಲ್ಲಿ ಏನು ಮಾಡುತ್ತಿದ್ದರು? ಇದು ಸುಳ್ಳಾದರೆ ಇನ್ನೇನೇನು ಸುಳ್ಳೋ.

ಹೆಲ್ಮೆಟ್ಟನ್ನು ಮೊಳೆಯಿಂದ ತೆಗೆದು ಅಟ್ಟಕ್ಕೆ ಹಾಕಿದ್ದೇನೆ. ಎದುರಿಗಿದ್ದರೆ ಹೊಲಿಗೆ ಸೊಟ್ಟ ಹೋಗುತ್ತದೆ.

ಅತ್ತಿಗೆ


ಸೆಪ್ಟೆಂಬರ್ 4

ಪ್ರೀತಿಯ ಅತ್ತಿಗೆ,

ಅಣ್ಣ ಅಂಥವನಲ್ಲ. ನರ್ಸರಿಯವರಿಗೂ ಕಣ್ತಪ್ಪುತ್ತದೆ. ಅವನು ಸುಳ್ಳು ಹೇಳಿದ್ದನ್ನು ನಾನು ನೋಡಿಯೇ ಇಲ್ಲ. ದಯವಿಟ್ಟು ಹೆಲ್ಮೆಟ್ಟು ಕೆಳಗಿಳಿಸಿ.

ಚುಕ್ಕಿ


ಸೆಪ್ಟೆಂಬರ್ 16

ಚುಕ್ಕಿ,

ನೀನು ತಂಗಿ, ಹಾಗೆ ಹೇಳಲೇಬೇಕು. ನಿನ್ನ ಮೇಲೆ ನನಗೆ ಬೇಸರವಿಲ್ಲ. ಈ ಮಾತು ಇಲ್ಲಿಗೆ ಬಿಡೋಣ.

ಅತ್ತಿಗೆ


ಅಕ್ಟೋಬರ್ 19

ಅತ್ತಿಗೆ,

ಇದರ ಜೊತೆ ಇರುವ ಜನವರಿಯ ಕಾಗದವನ್ನು ಮೊದಲು ಓದಿ. ಆಗಲೇ ಕಳಿಸಬೇಕಾಗಿತ್ತು.

ಓದಿದಿರಾ? ಅಣ್ಣ ಸುಳ್ಳು ಹೇಳಲಿಲ್ಲ. ಹೇಳಿದವಳು ನಾನು. ನೀವು ಪ್ರದರ್ಶನದಲ್ಲಿಟ್ಟದ್ದು ಅವನ ಗಿಡವೇ ಅಲ್ಲ, ನಾನು ನರ್ಸರಿಯಲ್ಲಿ ಬಣ್ಣ ನೋಡಿ ಆರಿಸಿದ್ದು. ಮಾರ್ಚಿನಲ್ಲಿ ನಿಮ್ಮ ಕಾಗದ ಬಂದಾಗಲೇ ಹೇಳಬಹುದಿತ್ತು, ಹೇಳಲಿಲ್ಲ. ಪ್ರದರ್ಶನಕ್ಕೆ ಮೊದಲು ಹೇಳಬಹುದಿತ್ತು, ರಜೆಯಿಲ್ಲ ಎಂದು ಬರೆದೆ. ನೀವು ಅವನನ್ನು ಸುಳ್ಳುಗಾರ ಎಂದುಕೊಂಡು, ಅದಕ್ಕೂ ನಿಮ್ಮದೇ ತಪ್ಪು ಹುಡುಕಿಕೊಂಡಾಗಲೂ ನಾಲ್ಕು ಸಾಲು ಗೀಚಿ ಕೈತೊಳೆದುಕೊಂಡೆ. ಸತ್ತವನು ಬಂದು ತಾನು ಹಾಗಲ್ಲ ಎಂದು ಹೇಳಲಾರ. ಅದನ್ನು ಹೇಳಬಹುದಾಗಿದ್ದವಳು ನಾನೊಬ್ಬಳೇ, ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ನನ್ನ ಮುಖ ಉಳಿಸಿಕೊಳ್ಳಲು ಅವನ ಮುಖಕ್ಕೆ ಮಸಿ ಬಳಿದೆ.

ಮಾರ್ಚಿನಿಂದ ಅಂಗಡಿಯ ತಾರಸಿಗೆ ನಾನು ಹತ್ತಿರಲಿಲ್ಲ, ಡಬ್ಬ ಇಡಲು ಬೇರೆಯವರನ್ನು ಕಳಿಸುತ್ತಿದ್ದೆ. ಅಲ್ಲಿ ಅದು ಸತ್ತಿದ್ದರೆ ಎಂಬ ಭಯ. ಕಳೆದ ವಾರ ಮೇಲೆ ಹೋದೆ. ಡಬ್ಬಗಳ ಹಿಂದೆ, ನೀರಿನ ಟ್ಯಾಂಕಿನ ತಗಡಿನ ಅಡಿಯಲ್ಲಿ ಕುಂಡ ಬಿದ್ದುಕೊಂಡಿತ್ತು. ಅರ್ಧ ಮಣ್ಣು ಚೆಲ್ಲಿತ್ತು. ಮಳೆ ಓರೆಯಾಗಿ ಬಂದಾಗ ಬಿದ್ದ ಹನಿ ಬಿಟ್ಟರೆ ನೀರಿಲ್ಲ, ಬೆಳಿಗ್ಗೆ ಸಂಜೆಯ ಓರೆ ಬಿಸಿಲು ಮಾತ್ರ ಧಾರಾಳ. ಕೆಳಗಿನ ಎಲೆಗಳೆಲ್ಲ ಒಣಗಿ ಕಾಂಡ ಬೋಳಾಗಿತ್ತು. ತುದಿಯಲ್ಲಿ ಬಿಗಿಯಾಗಿ ಮುಚ್ಚಿಕೊಂಡ ತಲೆ. ಅತ್ತಿಗೆ, ಬಣ್ಣ ಬಂದಿದೆ. ಅಣ್ಣ ಅವತ್ತು ನನ್ನ ಕೈಗಿಟ್ಟ ಬಣ್ಣವೇ.

ಅಲ್ಲೇ ಡಬ್ಬದ ಮೇಲೆ ಕೂತು ಅತ್ತೆ. ಅವನು ಇದಕ್ಕೆ ಸಿಡುಕಿ ಎಂದದ್ದು ನನ್ನನ್ನು ಕೆಣಕಲು ಎಂದುಕೊಂಡಿದ್ದೆ, ನೀವು ನಿಮ್ಮನ್ನು ಎಂದುಕೊಂಡಿದ್ದಿರಿ. ಅವನು ಗಿಡದ ಸ್ವಭಾವ ಹೇಳಿದ್ದ, ಅಷ್ಟೇ. ಬಿಸಿಲು, ಚಳಿ, ಬಾಯಾರಿಕೆ ತಾಗಿದರೆ ಕೆಂಪಾಗುತ್ತದೆ. ಸುಖವಾಗಿಟ್ಟರೆ ಹಸಿರು. ನನ್ನ ಕಿಟಕಿಯಲ್ಲಿ ಅದು ಕೆಟ್ಟಿರಲೇ ಇಲ್ಲ. ಬಣ್ಣ ಮಾತ್ರ ನೋಡುವ ಕಣ್ಣಿಗೆ ಅದು ಗೊತ್ತಾಗಲಿಲ್ಲ.

ಇನ್ನೊಂದು. ಅಣ್ಣನ ಗಿಡದ ಎಲೆಯನ್ನು ತಿರುಗಿಸಿ ನೋಡಿ. ಬೆನ್ನಿನ ಉದ್ದಕ್ಕೆ ಸಣ್ಣ ಕೆಂಪು ಗೆರೆಯಿದೆ. ನರ್ಸರಿಯದಕ್ಕೆ ಇಲ್ಲ. ಗೋಡೆಯನ್ನು ಯಾರೂ ತಿರುಗಿಸಿ ನೋಡುವುದಿಲ್ಲ, ಅದೇ ಅಭ್ಯಾಸದಲ್ಲಿ ನಾನು ಎಲೆಯ ಮುಂಭಾಗಕ್ಕೆ ಮಾತ್ರ ಕಾರ್ಡು ಹಿಡಿದಿದ್ದೆ.

ಗಿಡವನ್ನೇ ಕಳಿಸುತ್ತಿದ್ದೇನೆ. ಒಂದೇ ಇರುವುದು. ಅದನ್ನು ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ. ಉತ್ತರ ಬರೆಯಬೇಕಾಗಿಲ್ಲ.

ಚುಕ್ಕಿ


ಡಿಸೆಂಬರ್ 11

ಚುಕ್ಕಿ,

ಉತ್ತರ ಬರೆಯಬೇಕಾಗಿಲ್ಲ ಎಂದು ನೀನು ಹೇಳಿದರೆ ನಾನು ಕೇಳಬೇಕಾ? ಸಿಟ್ಟಿನಲ್ಲಿ ಬರೆದರೆ ನೀನು ಅದನ್ನು ಜೀವಮಾನವಿಡೀ ಇಟ್ಟುಕೊಳ್ಳುತ್ತೀಯ ಎಂದು ತಡಮಾಡಿದೆ. ಸಿಟ್ಟು ಪೂರ್ತಿ ಇಳಿದಿಲ್ಲ. ಇಳಿಯುವವರೆಗೆ ಕಾದರೆ ಬೇಸಿಗೆ ಬರುತ್ತದೆ.

ಪೆಟ್ಟಿಗೆ ಬಂದ ದಿನವೇ ಗಿಡವನ್ನು ಚೀಲದಲ್ಲಿಟ್ಟುಕೊಂಡು ಪ್ರದರ್ಶನದಲ್ಲಿ ಸಿಕ್ಕ ಆ ನರ್ಸರಿಯಾಕೆಯ ಹತ್ತಿರ ಹೋದೆ. ಅಂಗಡಿಗೆ ಬೀಗ ಹಾಕಿ, ಯಾರದೋ ಪ್ಯಾಂಟನ್ನು ಅರ್ಧಕ್ಕೇ ಬಿಟ್ಟು. ಆಕೆ ಎಲೆ ತಿರುಗಿಸಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ತಿರುಗಿಸಿದರು. ‘ಇದು ನಾನು ನೋಡಿಲ್ಲ. ಎಲ್ಲಿ ಸಿಕ್ತು ನಿಮಗೆ?’ ಅಂದರು. ‘ನಮ್ಮ ಮನೆಯವರು ಮಾಡಿದ್ದು’ ಅಂದೆ. ಹೋದ ಸಲವೂ ಅದೇ ಮಾತು ಹೇಳಿದ್ದೆ, ಈ ಸಲ ಆಕೆ ತಲೆಯಾಡಿಸಿದರು.

ನೀನು ಎಲೆ ಬದಲಾಯಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ನಾನೂ ಸತ್ತ ಗಿಡವನ್ನು ಮಂಕಾಗಿದೆ ಎಂದು ಬರೆದವಳೇ. ಅದನ್ನು ಮೊದಲೇ ಹೇಳಿದ್ದರೆ ನೀನು ನರ್ಸರಿಗೆ ಹೋಗುತ್ತಿರಲಿಲ್ಲ, ಅದು ನನ್ನ ಪಾಲಿನದು. ನನಗೆ ಸಿಟ್ಟಿರುವುದು ಬೇರೆಯದಕ್ಕೆ. ಎರಡು ತಿಂಗಳು ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಬದುಕಿದ್ದಾಗ ಎಷ್ಟೇ ಜಗಳವಾದರೂ ರಾತ್ರಿ ಊಟಕ್ಕೆ ಕರೆಯದೆ ಇದ್ದವಳಲ್ಲ ನಾನು. ಎರಡು ತಿಂಗಳು ಆ ಮನುಷ್ಯ ಅಟ್ಟದ ಧೂಳಿನಲ್ಲಿ, ಮಾಡದ ತಪ್ಪಿಗೆ. ಅದು ನಿನಗೆ ಗೊತ್ತಿತ್ತು.

ಅವತ್ತು ಏಣಿ ಹಾಕಿ ಹೆಲ್ಮೆಟ್ಟು ಇಳಿಸಿದೆ. ಒರೆಸಿ ಮೊಳೆಗೆ ಹಾಕಿದೆ. ಎದುರಿಗೆ ಕೂತು, ತಪ್ಪಾಯಿತು ಅಂದೆ. ನನ್ನ ಇಡೀ ಸಂಸಾರದಲ್ಲಿ ಅದೊಂದು ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ, ಚುಕ್ಕಿ. ಕೇಳಿಸಿಕೊಳ್ಳಲು ಅವರು ಇರಬೇಕಾಗಿತ್ತು.

ಗಿಡದ ತಲೆ ಕತ್ತರಿಸಿ, ಗಾಯ ಒಣಗಿದ ಮೇಲೆ ನೆಟ್ಟಿದ್ದೇನೆ. ಕತ್ತರಿ ಹಿಡಿಯುವುದು ನನ್ನ ಕಸುಬು, ಆದರೂ ಮೂರು ಸಲ ಅಳೆದು ಕತ್ತರಿಸಿದೆ. ಬೋಳು ಕಾಂಡದ ಪಕ್ಕದಲ್ಲಿ ಎರಡು ಮರಿ ಒಡೆದಿವೆ. ನರ್ಸರಿಯಾಕೆ ಒಂದು ಕೇಳಿದರು, ಕೊಡಲಿಲ್ಲ. ಒಂದು ನಿನ್ನದು. ಇದರ ಜೊತೆ ಕಳಿಸಿದ್ದೇನೆ. ನೀನು ಕಳಿಸಿದ ನರ್ಸರಿ ಗಿಡವೂ ಇಲ್ಲೇ ಇದೆ, ಅದನ್ನೇನು ಮಾಡಲಿ, ಸಾಸಿವೆಯಿಂದ ಸಾಕಿದ್ದೇನೆ.

ಮರಿಯನ್ನು ಕಿಟಕಿಯಲ್ಲಿಡು. ಪರದೆ ಬಿಚ್ಚಿ ಒಗೆಯಲು ಹಾಕು, ಮತ್ತೆ ಕಟ್ಟಬೇಡ. ಚಮಚ ಮುಟ್ಟಬೇಡ. ತಿಂಗಳಿಗೊಮ್ಮೆ ನನಗೆ ಕಾಗದ ಬರೆ.

ಹಸಿರಾದರೆ ಹಸಿರಾಗಿದೆ ಎಂದೇ ಬರೆ.

ನಿನ್ನ ಅತ್ತಿಗೆ